ನಮ್ಮ ಕಾಕಾನ ವಾಪಸು ಪೈಪು

ನಮ್ಮ ಕಾಕಾ ಪೆಟ್ರೋಲು ಕುಡಿಯುತ್ತಿದ್ದ!

ಸುಳ್ಳಲ್ಲ. ವಿಜಾಪುರದ ಮೋಟಾರು ಅಡ್ಡೆಯಿಂದ ಹಿಡಿದು, ತಿಕೋಟಾ ದಾಟಿ, ಬಬಲೇಶ್ವರದ ಊರಬಾಗಿಲಾದ ಅಗಸಿಯವರೆಗೆ ಯಾರನ್ನು ಕೇಳಿದ್ದರೂ ಇದೇ ಮಾತು ಹೇಳುತ್ತಿದ್ದರು. ಮಂದಿ ಮುಂಜಾನೆ ಚಹಾ ಕುಡಿದು ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಕಾಕಾ ತನ್ನ ಬಸ್ಸಿನ ಹೊಟ್ಟೆಯಡಿಯಿಂದ ತೆವಳಿ ಹೊರಬಂದು, ಥೂ ಎಂದು ಒಮ್ಮೆ ಉಗುಳಿ, ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. ಪೈಪಿನಲ್ಲಿ ಪೆಟ್ರೋಲು ಸರಾಗವಾಗಿ ಬರುತ್ತದೋ ಇಲ್ಲವೋ ಎಂದು ನೋಡಲು ಬೇರೆಯವರು ಏನು ಮಾಡುತ್ತಾರೋ ನನಗೆ ತಿಳಿಯದು. ನಮ್ಮ ಕಾಕಾ ಪೈಪಿನ ತುದಿಗೆ ಬಾಯಿ ಹಚ್ಚಿ ಎಳೆಯುತ್ತಿದ್ದ. ಎಳೆದಾಗ ತುಸು ಒಳಗೂ ಹೋಗುತ್ತಿದ್ದಿರಬೇಕು. ಇಲ್ಲದಿದ್ದರೆ ಅಂಥ ಬೆಂಕಿ ಸ್ವಭಾವ ಎಲ್ಲಿಂದ ಬರಬೇಕು ಹೇಳಿ?

ಆಗ ದಾರೂಬಂದಿ ಹೊಸದಾಗಿ ಬಂದಿತ್ತು. ಒಮ್ಮೆ ತಿಕೋಟಾದ ಹತ್ತಿರ ಒಬ್ಬ ಪೊಲೀಸಪ್ಪ ಬಸ್ಸು ತಡೆದು ಕಾಕಾನ ಬಾಯಿ ಮೂಸಿ ನೋಡಿದ. ಮೂಸಿದವನೇ ಹಿಂದೆ ಸರಿದು, ಮೊದಲು ತನ್ನ ಕೈಯಲ್ಲಿದ್ದ ಬೀಡಿಯನ್ನು ಬೂಟಿನಡಿ ಹಾಕಿ ತಿಕ್ಕಿದ. ಆಮೇಲೆ ಬಹಳ ಹೊತ್ತು ಯೋಚಿಸಿ, "ಇದು ಕಾಯ್ದೇದಾಗ ಬರೂದಿಲ್ಲ, ಹೋಗ್ರಿ" ಅಂದ. ಕಾಕಾ ಇದನ್ನು ಸರಕಾರವೇ ಕೊಟ್ಟ ಪ್ರಶಸ್ತಿಯೆಂದು ತಿಳಿದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ನಾನು ಆ ಬಸ್ಸಿನ ಕಂಡಕ್ಟರು, ಅಡಚಣೆಗೆ ಡ್ರೈವರು ಕೂಡ. ಆಗಲೇ ನನಗೆ ಮದುವೆಯಾಗಿತ್ತು, ಮೀಸೆಯೂ ಬಲಿತಿತ್ತು. ಆದರೂ ಕಾಕಾನಿಗೆ ನಾನು ಕಡೆಯವರೆಗೂ "ಲೇ ತಮ್ಮಾ"ನೇ.

ಬಸ್ಸು ಯುದ್ಧಕ್ಕಿಂತ ಮೊದಲು ಕೊಂಡದ್ದು. ಯುದ್ಧ ಬಂದ ಮೇಲೆ ಪೆಟ್ರೋಲು ಕೂಪನ್ನಿನ ಪಾಲಾಗಿ, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆಯೊಂದನ್ನು ಕಟ್ಟಿ ಅದರ ಗ್ಯಾಸಿನಿಂದ ಓಡಿಸುವ ಕಾಲ ಬಂತು. ವಿಜಾಪುರದಲ್ಲಿ ಬೆಳ್ಳಗೆ ಹತ್ತಿದ ಅಳಿಯನನ್ನು ಬಬಲೇಶ್ವರದಲ್ಲಿ ಮಾವನೇ ಗುರುತು ಹಿಡಿಯುತ್ತಿರಲಿಲ್ಲ, ಅಷ್ಟು ಮಸಿ! ಆ ಗ್ಯಾಸು ಕುಡಿದು ಕುಡಿದು ಎಂಜಿನ್ನು ದಮ್ಮಿನ ಮುದುಕನಂತಾಯಿತು. ಯುದ್ಧ ಮುಗಿದದ್ದೇ ತಡ, ಕಾಕಾ ಪುಣೆಯ ಕಡೆ ಹೋಗಿ, ಮಿಲಿಟರಿಯವರು ಲಿಲಾವಿಗೆ ಇಟ್ಟಿದ್ದ ಟ್ರಕ್ಕಿನ ಎಂಜಿನ್ನೊಂದನ್ನು ರೈಲಿಗೆ ಹಾಕಿಸಿಕೊಂಡು ಬಂದ.

ಬಂದ ಎಂಜಿನ್ನು ಕೂತದ್ದು ನಮ್ಮ ಪಡಸಾಲೆಯಲ್ಲಿ. ಧೂಳು ಬೀಳಬಾರದೆಂದು ಅದಕ್ಕೆ ಕಾಕಾ ಹೊದಿಸಿದ್ದು ಚಿಗವ್ವನ ಕೌದಿ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಬಬಲೇಶ್ವರದ ಮಗಳು. ಆ ಕೌದಿ ತವರಿನಲ್ಲಿ ಅವಳವ್ವ ಹೊಲಿದು ಕೊಟ್ಟದ್ದು. ಓಣಿಯ ಹೆಂಗಸರು ಹೊಸ ಸೊಸೆಯನ್ನು ನೋಡಲು ಬಂದಂತೆ ಬಂದು, ಕೌದಿಯ ತುದಿ ಎತ್ತಿ ನೋಡಿ, ಮೂಗು ಸ್ವಲ್ಪ ದಪ್ಪಾತು ಎಂದು ಹೇಳಿ ಹೋದರು. ಆ ಚಳಿಗಾಲವೆಲ್ಲ ಎಂಜಿನ್ನು ಬೆಚ್ಚಗಿತ್ತು, ಚಿಗವ್ವ ಸೆರಗು ಹೊದ್ದು ಮಲಗಿದಳು.

ಗೋಳಗುಮ್ಮಟದ ಹಿಂದಿನ ಬಯಲಿನಲ್ಲಿ ಹಳೆಯ ಎಂಜಿನ್ನು ಇಳಿಸಿ ಹೊಸದನ್ನು ಏರಿಸುವ ಕೆಲಸ ನಡೆಯಿತು. ಹೊಸದು ಹಳೆಯದಕ್ಕಿಂತ ದೊಡ್ಡದು, ಬಸ್ಸಿನ ಮೂತಿಯಲ್ಲಿ ಹಿಡಿಯಲೊಲ್ಲದು. ಕಾಕಾ ಎಂಜಿನ್ನನ್ನು ಬಿಟ್ಟು ಬಸ್ಸನ್ನೇ ಕತ್ತರಿಸಿದ! ಹಳೆಯದಕ್ಕೆ ಪೆಟ್ರೋಲು ತುಂಬುವ ಟಾಕಿ ಎತ್ತರದಲ್ಲಿತ್ತು, ಪೆಟ್ರೋಲು ತಾನಾಗಿ ಕೆಳಗಿಳಿಯುತ್ತಿತ್ತು. ಹೊಸದಕ್ಕೆ ಎಳೆದುಕೊಳ್ಳುವ ಪಂಪಿತ್ತು. ಆದ್ದರಿಂದ ಟಾಕಿಯನ್ನು ಬಸ್ಸಿನ ಹಿಂಭಾಗಕ್ಕೆ ಕಟ್ಟಿ, ಅಲ್ಲಿಂದ ಮೂತಿಯವರೆಗೆ ತಾಮ್ರದ ಪೈಪು ಹಾಯಿಸಿದ. ಹತ್ತಿರದ ದಾರಿ ಯಾವುದೆಂದು ನೋಡಿ, ಹೊಗೆ ಹೋಗುವ ಕೊಳವೆಯ ಮಗ್ಗುಲಲ್ಲೇ ಹಾಯಿಸಿದ. ಹತ್ತಿರದ ದಾರಿಗೆ ಹೋದವರು ಏನಾಗುತ್ತಾರೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು, ಕಾಕಾನಿಗೆ ಗೊತ್ತಿರಲಿಲ್ಲ.

ಬಿಸಿಲೇರುವವರೆಗೂ ಬಸ್ಸು ಕುದುರೆಯಂತೆ ಓಡಿತು. ವೈಶಾಖ ಬಂತು. ಬಬಲೇಶ್ವರದಲ್ಲಿ ಚಿಗವ್ವನ ನಡುವಿನ ತಂಗಿಯ ಮದುವೆ. ಹಿರಿಯ ಅಳಿಯ ಹೊಸ ಎಂಜಿನ್ನಿನ ಬಸ್ಸಿನಲ್ಲಿ ಹೆಂಡತಿಯನ್ನು ಕರೆತರುತ್ತಾನೆಂದರೆ ಸಣ್ಣ ಮಾತೆ? ಮಾಲೆ ಹಾಕಿಕೊಂಡ ಬಸ್ಸು ಸುಡುಸುಡು ಬಿಸಿಲಲ್ಲಿ ತಿಕೋಟಾ ದಾಟಿ, ಸ್ವಲ್ಪ ದೂರ ಹೋಗಿ, ಎರಡು ಸಲ ಸೀನಿ ನಿಂತುಬಿಟ್ಟಿತು. ಕಾಕಾ ಬಾನೆಟ್ಟಿನೊಳಗೆ ತಲೆ ತುರುಕಿ, "ಈಗ ಆಕ್ಕೈತಿ, ಈಗ ಆಕ್ಕೈತಿ" ಅನ್ನುತ್ತಲೇ ಇದ್ದ. ಬಸ್ಸಿನ ಮಂದಿ ಒಬ್ಬೊಬ್ಬರಾಗಿ ಇಳಿದು ನಡೆದರು. ಚಿಗವ್ವನೂ ಕಡೆಗೆ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆಳೆದುಕೊಂಡು, ಗಂಟನ್ನು ಬಗಲಲ್ಲಿ ಇಟ್ಟುಕೊಂಡು ನಡೆದಳು. ಅವಳು ಊರು ಮುಟ್ಟುವಷ್ಟರಲ್ಲಿ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದು, ಮಂದಿ ಊಟಕ್ಕೆ ಕೂತಿದ್ದರು. ಬಿಸಿಲಿಳಿದ ಮೇಲೆ ಬಸ್ಸು ಏನೂ ಆಗಿಯೇ ಇಲ್ಲವೆಂಬಂತೆ ಹೊರಟು ಊರು ಸೇರಿತು.

ಚಿಗವ್ವ ನಮ್ಮ ಜೊತೆ ತಿರುಗಿ ಬರಲಿಲ್ಲ. ಆಮೇಲೆ ತವರಿನ ಚಕ್ಕಡಿಯಲ್ಲಿ ಬಂದು ಇಳಿದಳು. ಜಗಳವಿಲ್ಲ, ಅಳುವಿಲ್ಲ. ರೊಟ್ಟಿ ಬಡಿಯುತ್ತ ಒಂದೇ ಮಾತು ಹೇಳಿದಳು: "ಇನ್ನ ಮ್ಯಾಲೆ ನಾ ಆ ಬಸ್ಸಿನ್ಯಾಗ ಕಾಲ ಇಡೂದಿಲ್ರಿ."

ಕಾಕಾನಿಗೆ ಇದು ನಾಟಿತು. ಊರವರ ಹೆಂಡಿರು ಮಕ್ಕಳನ್ನೆಲ್ಲ ಹೊತ್ತು ತಿರುಗುವ ಬಸ್ಸಿನಲ್ಲಿ ತನ್ನ ಹೆಂಡತಿಯೇ ಕೂರುವುದಿಲ್ಲವೆಂದರೆ ಆ ಬಸ್ಸು ಇದ್ದೂ ಏನು ಬಂತು? ಚಿಗವ್ವನಿಗೆ ಇನ್ನೊಬ್ಬಳು ತಂಗಿಯಿದ್ದಳು, ಎಲ್ಲರಿಗಿಂತ ಕಿರಿಯಳು. ಅವಳ ಮದುವೆಗೆ ಚಿಗವ್ವನನ್ನು ಇದೇ ಬಸ್ಸಿನಲ್ಲಿ ಕೂಡಿಸಿ, ಅಕ್ಕಿಕಾಳಿಗೆ ಮೊದಲು ಮುಟ್ಟಿಸುವುದು ಎಂಬಲ್ಲಿಗೆ ಕಾಕಾನ ಬಾಳಿನ ಗುರಿ ಬಂದು ನಿಂತಿತು. ಅಂದಿನಿಂದ ಡ್ರೈವರನ ಪಕ್ಕದ ಕಿಟಕಿ ಸೀಟಿನಲ್ಲಿ ಯಾರನ್ನೂ ಕೂಡಿಸಲಿಲ್ಲ. ಟಪ್ಪಿನ ಮೇಲೆ ಮಂದಿ, ಏಣಿಗೆ ಜೋತುಬಿದ್ದ ಮಂದಿ, ಆ ಸೀಟು ಮಾತ್ರ ಖಾಲಿ. ಯಾರಾದರೂ ಕೇಳಿದರೆ ಸ್ಪ್ರಿಂಗು ಹೋಗಿದೆ ಎನ್ನುತ್ತಿದ್ದ. ತಿಕೋಟಾದ ದೊಡ್ಡ ಗೌಡರೊಬ್ಬರು ಸ್ಪ್ರಿಂಗು ಹೋದರೂ ಚಿಂತೆಯಿಲ್ಲ, ನಾ ಕೂಡತೀನಿ ಎಂದು ಹಟ ಹಿಡಿದರು. ಕಾಕಾ ತನ್ನ ಸೀಟನ್ನೇ ಅವರಿಗೆ ತೋರಿಸಿ, ಬೇಕಾದರೆ ಇಲ್ಲಿ ಕೂಡ್ರಿ, ಬಸ್ಸೂ ನೀವೇ ಹೊಡೀರಿ ಅಂದ.

ಬಸ್ಸು ನಿಲ್ಲುವ ಕಾರಣ ಗೊತ್ತಾಗಲು ಆ ಬೇಸಿಗೆಯೆಲ್ಲ ಬೇಕಾಯಿತು. ಮೇಲೆ ವಿಜಾಪುರದ ಬಿಸಿಲು, ಮಗ್ಗುಲಲ್ಲಿ ಕಾದು ಕೆಂಡವಾದ ಹೊಗೆ ಕೊಳವೆ. ನಡುವೆ ಸಿಕ್ಕಿಕೊಂಡ ಪೆಟ್ರೋಲು ಪೈಪಿನಲ್ಲೇ ಕುದಿದು ಆವಿಯಾಗುತ್ತಿತ್ತು. ಪಂಪಿಗೆ ಪೆಟ್ರೋಲು ಎಳೆಯುವುದು ಗೊತ್ತು, ಆವಿ ಎಳೆಯುವುದು ಗೊತ್ತಿಲ್ಲ. ಎಂಜಿನ್ನು ಉಪವಾಸ ಬಿದ್ದು ನಿಲ್ಲುತ್ತಿತ್ತು. ಇದಕ್ಕೆ ಕಾಕಾ "ಆವಿ ಕಟ್ಟೂದು" ಎಂದು ಹೆಸರಿಟ್ಟ. ಹೆಸರಿಟ್ಟಿದ್ದೇ ಇಟ್ಟಿದ್ದು, ಲೋಕದ ರೋಗಗಳಿಗೆಲ್ಲ ಅದೇ ಹೆಸರಾಯಿತು! ಕೂಸು ಅತ್ತರೆ ಆವಿ ಕಟ್ಟಿದೆ. ನಮ್ಮಪ್ಪ ಸಿಟ್ಟಿಗೆದ್ದರೆ ಆವಿ ಕಟ್ಟಿದೆ. ಕೋರ್ಟಿನಲ್ಲಿ ನಮ್ಮ ಹೊಲದ ಖಟ್ಲೆ ಮುಂದೆ ಸರಿಯದಿದ್ದರೂ ಆವಿ ಕಟ್ಟಿದೆ ಎಂದು ವಕೀಲರಿಗೇ ಹೇಳಿ ಬಂದ.

ಇನ್ನು ಮದ್ದುಗಳು! ಪೈಪಿಗೆ ಹಸಿ ಗೋಣಿ ಸುತ್ತಿದ. ವಿಜಾಪುರದ ಮಗ್ಗುಲ ತೊರವಿ ಮುಟ್ಟುವುದರೊಳಗೆ ಒಣಗಿತು. ಕೆಸರು ಮೆತ್ತಿದ, ತಿಕೋಟಾದಲ್ಲಿ ಹೆಂಟೆಯಾಗಿ ಉದುರಿತು. ಕಾಖಂಡಕಿಯ ಒಬ್ಬ ಮುದುಕಿ, ನಾವೆಲ್ಲ ಆಯಿ ಎನ್ನುತ್ತಿದ್ದೆವು, ನಮ್ಮ ಕಾಯಂ ಪ್ರಯಾಣಿಕಳು. ಬಬಲೇಶ್ವರದವರೆಗೆ ಬಸ್ಸು, ಮುಂದೆ ತನ್ನ ಕಾಲು. ಅವಳು ಬಾನೆಟ್ಟಿನೊಳಗೆ ಇಣುಕಿ, ಮನುಷ್ಯರಿಗೆ ಝಳ ಬಡಿದಾಗ ಏನು ಮಾಡುತ್ತೇವೋ ಅದನ್ನೇ ಇದಕ್ಕೂ ಮಾಡು ಅಂದಳು. ಕಾಕಾ ಉಳ್ಳಾಗಡ್ಡಿ ಹೆಚ್ಚಿ ಅರಿವೆಯಲ್ಲಿ ಕಟ್ಟಿ ಪಂಪಿನ ಸುತ್ತ ಬಿಗಿದ. ನಗಬೇಡಿ, ಆ ದಿನ ಬಸ್ಸು ಎಂದಿಗಿಂತ ದೂರವೇ ಹೋಯಿತು. ಆದರೆ ತಿಕೋಟಾದಲ್ಲಿ ನಿಂತಾಗ ಘಮಘಮ ವಾಸನೆಗೆ ಮಂದಿ ಬಾನೆಟ್ಟಿನ ಸುತ್ತ ಸೇರಿದರು. ಒಬ್ಬ ಬಹಳ ವಿನಯದಿಂದ, "ಭಜಿ ಆದೂವೇನ್ರಿ?" ಎಂದು ಕೇಳಿದ. ಕಾಕಾ ಅವನನ್ನು ಆ ದಿನ ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲ.

ಕಡೆಗೆ ದಾರಿ ತೋರಿಸಿದವರು ಬಾದಶಹರು. ವಿಜಾಪುರದಿಂದ ತೊರವಿಯ ಕಡೆ ಹೋಗುವಾಗ ಅಲ್ಲಲ್ಲಿ ಕಲ್ಲಿನ ಗೋಪುರಗಳು ನಿಂತಿವೆ. ಅವಕ್ಕೆ ಗಂಜು ಎನ್ನುತ್ತಾರೆ. ಬಾದಶಾಹಿ ಕಾಲದಲ್ಲಿ ನೆಲದೊಳಗಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತಲ್ಲ, ಆ ಕೊಳವೆಯ ಸಾಲಿನಲ್ಲಿ ಕಟ್ಟಿದವು. ಒಂದು ಮಧ್ಯಾಹ್ನ ಬಸ್ಸು ಒಂದು ಗಂಜಿನ ಹತ್ತಿರವೇ ನಿಂತಿತು. ಕಾಕಾ ಅದರ ನೆರಳಲ್ಲಿ ಕೂತು ಮೇಲೆ ನೋಡುತ್ತ, ಕೆಳಗೆ ನೋಡುತ್ತ, ಒಡೆದ ಮಣ್ಣಿನ ಕೊಳವೆಯೊಂದಕ್ಕೆ ಚಟದಂತೆ ಬಾಯಿ ಹಚ್ಚಿ ಊದಿದ. ನೀರು ಹರಿಯುವ ಕೊಳವೆಗೆ ನಡುನಡುವೆ ಈ ಗೋಪುರ ಯಾಕೆ ಎಂದು ತನ್ನಷ್ಟಕ್ಕೆ ಕೇಳಿಕೊಂಡ. ಆಮೇಲೆ ಎದ್ದು ನಿಂತು ರುಮಾಲು ಝಾಡಿಸಿದ.

"ಲೇ ತಮ್ಮಾ, ನೀರಿಗೂ ದಮ್ ಬಿಡಾಕ ಜಾಗಾ ಬೇಕಂತ ಅವರಿಗೆ ಗೊತ್ತಿತ್ತು. ನಾ ಪೆಟ್ರೋಲಿಗೆ ಹೋಗಾಕ ದಾರಿ ಮಾಡೀನಿ. ಆವಿಗೆ ತಿರುಗಿ ಬರಾಕ ದಾರೀನ ಮಾಡಿಲ್ಲ."

ಅಂದಿನಿಂದ ಶುರುವಾಯಿತು ನೋಡಿ ವಾಪಸು ಪೈಪಿನ ಕಾರ್ಯ. ಮೊದಲು ಹಳೆಯ ಪೈಪನ್ನು ಕಿತ್ತು, ಹೊಗೆ ಕೊಳವೆ ಇಲ್ಲದ ಇನ್ನೊಂದು ಮಗ್ಗುಲಿಗೆ ತಿರುಗಿಸಬೇಕು. ಆಮೇಲೆ ಎಂಜಿನ್ನಿನ ಹತ್ತಿರದಿಂದ ಹೊರಟು ಹಿಂದಿನ ಟಾಕಿಯ ನೆತ್ತಿಗೆ ಸೇರುವ ಇನ್ನೊಂದು ಸಣ್ಣ ಪೈಪು ಹಾಕಬೇಕು. ಪೈಪಿನಲ್ಲಿ ಆವಿಯಾದದ್ದು ಅದರಲ್ಲಿ ಹಾಯ್ದು ಟಾಕಿಗೆ ಮರಳಿ ತಣ್ಣಗಾಗುತ್ತದೆ. ಜೋಡಣೆಗಳನ್ನು ಬೆಸೆಯಲು ಬಂದವರು ನಮ್ಮ ಓಣಿಯ ಕಲಾಯಿ ಚಾಚಾ. ಊರ ಹಂಡೆ, ಪಾತೇಲಿಗಳಿಗೆಲ್ಲ ಕಲಾಯಿ ಹಾಕುವವರು ಅವರೇ. ತಾಮ್ರದ ಪೈಪು ನೆಗ್ಗದಂತೆ ಒಳಗೆ ಒಣ ಉಸುಕು ತುಂಬಿ, ಕಾಯಿಸಿ, ಮೆಲ್ಲಗೆ ಬಗ್ಗಿಸುತ್ತಿದ್ದರು. ಅವರಿಗೆ ಒಂದು ಮಾತು ಮಾತ್ರ ಅರಗಲಿಲ್ಲ.

"ರೊಕ್ಕಾ ಕೊಟ್ಟು ತಂದ ಪೆಟ್ರೋಲು ವಾಪಸ್ ಹೋಗಾಕ ಪೈಪ್ ಹಾಕಾತೀಯಲ್ಲೋ, ನಿನಗ ಶಾಣ್ಯಾ ಅನ್ಲೋ, ಖುಳ್ಳಾ ಅನ್ಲೋ?"

ಕಾಕಾ ಪೈಪಿನಿಂದ ಬಾಯಿ ತೆಗೆಯದೆ ಕೈಯಿಂದಲೇ, ಜಾಣ, ಹುಚ್ಚ ಎರಡೂ ಹೌದೆಂದ.

ಪೈಪು ಮುಗಿಯಿತು. ಅದಾದ ಮೇಲಿನ ಬೇಸಿಗೆಯಲ್ಲಿ ಬಸ್ಸು ಎಲ್ಲೂ ನಿಲ್ಲಲಿಲ್ಲ. ಬೇರೆ ಬಸ್ಸಿನವರು ಬಂದು ನಮ್ಮ ಬಸ್ಸಿನ ಕೆಳಗೆ ಮಲಗಿ ನೋಡಿ ಹೋದರು. ಮಿಲಿಟರಿಯವರೇ ಕಾಣದ ಪೈಪು ನಮ್ಮ ಕಾಕಾ ಹಾಕಿದ್ದಾನೆ ಎಂದು ನಾನು ಟಿಕೀಟಿನ ಜೊತೆಗೆ ಹಂಚಿದೆ. ನಿಜ ಹೇಳಲೇ? ಈಗಲೂ ಅದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಕಾಕಾ ಮಾತ್ರ ಉಬ್ಬಲಿಲ್ಲ. ಆ ಸೀಟು ಇನ್ನೂ ಖಾಲಿಯಿತ್ತು.

ನನಗೂ ನನ್ನ ಹೆಂಡತಿಗೂ ಒಮ್ಮೆ ಮಾತು ಬಿಟ್ಟುಹೋದಾಗ ಕಾಕಾ ನನ್ನನ್ನು ಬಸ್ಸಿನ ಕೆಳಗೆ ಕರೆದ. ಗುಟ್ಟಿನ ಮಾತುಗಳನ್ನೆಲ್ಲ ಅಲ್ಲೇ ಆಡುತ್ತಿದ್ದದ್ದು. ಇಬ್ಬರೂ ಅಂಗಾತ ಮಲಗಿದ್ದೆವು. ಮುಂದೆ ಹೋಗುವ ದಾರಿಯನ್ನು ಎಲ್ಲರೂ ಮಾಡುತ್ತಾರೆ, ತಿರುಗಿ ಬರುವ ದಾರಿಯನ್ನು ಯಾರೂ ಇಡುವುದಿಲ್ಲ, ನೀನು ಇಡು ಎಂದು ಪೈಪು ತೋರಿಸುತ್ತ ಬಹಳ ಹೊತ್ತು ಬುದ್ಧಿ ಹೇಳಿದ. ಇಷ್ಟು ತಿಳಿದವನು ಸ್ವಂತ ಹೆಂಡತಿಯ ಹತ್ತಿರ ಹೋಗಿ ಎರಡು ಮಾತಾಡಬಾರದೇ? ಇಲ್ಲ. ಅವಳಿಗಾಗಿ ಪೈಪು ಬಗ್ಗಿಸುತ್ತಾನೆಯೇ ಹೊರತು ಬಾಯಿ ತೆರೆಯುವುದಿಲ್ಲ. ಆ ಬಾಯಿ ಪೆಟ್ರೋಲಿಗೇ ಮೀಸಲು!

ಕಡೆಗೂ ಕಿರಿಯ ತಂಗಿಯ ಮದುವೆ ಗೊತ್ತಾಯಿತು. ಚಿಗವ್ವನಿಗೆ ಬಸ್ಸಿನ ಮಾತು ಹೇಳುವ ಕೆಲಸ ನನಗೆ ಬಂತು. ಅವಳು ಜೋಳ ಹಸನು ಮಾಡುತ್ತ ಎಲ್ಲ ಕೇಳಿಕೊಂಡು, ಆಗಲಿ ಅಂದಳು. ನಾನು ಕುಣಿಯುತ್ತ ಹೋಗಿ ಹೇಳಿದೆ. ಆದರೆ ಹೊರಡುವ ಮುಂಜಾನೆ ನೋಡುತ್ತೇನೆ, ರೇಷ್ಮೆ ದಡಿಯ ಸೀರೆಯ ಕೆಳಗೆ ಚಿಗವ್ವ ಹೊಲಕ್ಕೆ ಹಾಕಿಕೊಳ್ಳುವ ಗಟ್ಟಿ ಚಪ್ಪಲಿ ಮೆಟ್ಟಿದ್ದಾಳೆ. ಮದುವೆಗೆ ಇದ್ಯಾಕೆ ಅಂದೆ. "ಇರ್ಲಿ ಬಿಡಪಾ, ನಡಿಯಾಕ ಬೇಕಾಗ್ತಾವ" ಅಂದಳು. ಕಾಕಾ ಕೇಳಿಸಿಕೊಂಡರೂ ಕೇಳಿಸದವನಂತೆ ಪೂಜೆಗೆ ಹೊರಟ.

ಆ ಪೂಜೆಯನ್ನು ನೀವು ನೋಡಬೇಕಾಗಿತ್ತು. ಅಮಾವಾಸ್ಯೆಗೂ ಖಂಡೇನವಮಿಗೂ ಗಾಡಿಗೆ ಪೂಜೆ ಮಾಡದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಆ ದಿನ ಕಾಕಾ ಒಂದು ಬೋಗುಣಿಯ ತುಂಬ ವಿಭೂತಿ ಕಲಸಿದ. ಬಾನೆಟ್ಟಿಗೆ ಮೂರೆಳೆ, ಗಾಲಿಗಳಿಗೆ ಮೂರೆಳೆ, ಪಂಪಿಗೆ, ಪೈಪಿಗೆ, ಹಾರ್ನಿಗೆ. ಕಡೆಗೆ ಬೋಗುಣಿಯಲ್ಲಿ ಉಳಿದದ್ದನ್ನೆಲ್ಲ ಬಳಿದು, ಇದೇ ನಮ್ಮ ಬಸ್ಸವ್ವನ ಬಾಯಿ ಎನ್ನುತ್ತ, ಪೆಟ್ರೋಲು ಟಾಕಿಯ ಮುಚ್ಚಳದ ಮೇಲೆ ದಪ್ಪಗೆ ಮೆತ್ತಿ, ನಡುವೆ ಕುಂಕುಮ ಒತ್ತಿ ಕೈಮುಗಿದ.

ಚಿಗವ್ವ ಕಿಟಕಿ ಸೀಟಿನಲ್ಲಿ ಕೂತಳು. ಸ್ಪ್ರಿಂಗು ಚೆನ್ನಾಗಿಯೇ ಇತ್ತು.

ಬಸ್ಸು ತೊರವಿ ದಾಟಿತು. ಕಾಕಾ ಗಂಜಿಗೆ ಒಂದು ಕೈ ಮುಗಿದ. ತಿಕೋಟಾದಲ್ಲಿ ಮಂದಿ ಹತ್ತುವ ಮೊದಲೇ ಬಿಟ್ಟುಬಿಡುತ್ತಿದ್ದನೇನೋ, ಕಾಖಂಡಕಿಯ ಆಯಿ ಬಾಗಿಲು ಹಿಡಿದು ಜೋತುಬಿದ್ದಳಾದ್ದರಿಂದ ನಿಲ್ಲಿಸಿದ. ಹೋದ ಸಲ ನಿಂತ ಜಾಗ ಬಂತು. ಬಸ್ಸಿನ ಮಂದಿಯೆಲ್ಲ ಕಿಟಕಿಯ ಕಡೆ ಬಗ್ಗಿದರು. ಅದೂ ಹಿಂದೆ ಸರಿಯಿತು. ಬಬಲೇಶ್ವರದ ಮರಗಳು ಕಂಡವು. ನಾನು ಚಿಗವ್ವನ ಮುಖವನ್ನು ನೋಡಿದೆ. ತುಟಿಯ ಮೂಲೆಯಲ್ಲಿ ಏನೋ ಸಡಿಲಾಗುತ್ತಿತ್ತು. ಅಷ್ಟರಲ್ಲಿ ಎಂಜಿನ್ನು ಒಮ್ಮೆ ಬಿಕ್ಕಿತು. ಇನ್ನೊಮ್ಮೆ ಬಿಕ್ಕಿತು. ನಿಂತಿತು.

ಕಾಕಾ ಇಳಿದು ಬಸ್ಸಿನ ಕೆಳಗೆ ಹೋದ. ಹೊರಗೆ ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಊರಿನಿಂದ ಬಾಜಾ ಭಜಂತ್ರಿಯ ಸದ್ದು ಗಾಳಿಯಲ್ಲಿ ಬರುತ್ತಿತ್ತು. ಚಿಗವ್ವ ಗಂಟು ಬಗಲಲ್ಲಿ ಇಟ್ಟುಕೊಂಡು ಇಳಿದು, ಆ ಕಾಲುಗಳ ಹತ್ತಿರ ಬಂದು ನಿಂತಳು. ಬಯ್ಯುತ್ತಾಳೆ ಎಂದುಕೊಂಡೆ. ಅವಳ ದನಿ ತಣ್ಣಗಿತ್ತು.

"ನಾ ಬಸ್ ನಿಂತಿದ್ದಕ್ಕ ಸಿಟ್ಟಾಗಿದ್ದಿಲ್ರಿ. ಅವತ್ತ ನಾ ಇಳದು ಹೋಗೂಮುಂದ ನೀವು ತಲಿ ಎತ್ತಿ ಸುದ್ದಾ ನೋಡ್ಲಿಲ್ಲ. ಗಂಡ ಇದ್ದೂ ಒಬ್ಬಾಕಿನ ಅಗಸಿ ದಾಟಿದೆ. ಬಸ್ ಯಾವಾಗರ ರಿಪೇರಿ ಆಗ್ಲಿ ಬಿಡ್ರಿ. ನಾ ನಡೀತೀನಿ."

ಕಾಲುಗಳು ಅಲ್ಲಾಡಲಿಲ್ಲ. ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಬಿದ್ದ ಸಪ್ಪಳ ಕೇಳಿಸಿತು. ಇಷ್ಟು ದಿನ ಕಾಕಾ ರಿಪೇರಿ ಮಾಡುತ್ತಿದ್ದದ್ದೇ ಬೇರೆ, ಕೆಟ್ಟದ್ದೇ ಬೇರೆ ಎಂಬುದು ನನಗೆ ಆಗ ಹೊಳೆಯಿತು, ಬಸ್ಸಿನ ಕೆಳಗೆ ಮಲಗಿದವನಿಗೂ ಆಗಲೇ ಹೊಳೆದಿರಬೇಕು. ತುಸು ಹೊತ್ತಿಗೆ ಅವನು ತೆವಳಿ ಹೊರಬಂದ. ಧೋತರಕ್ಕೆ ಕೈ ಒರೆಸಿದ. ಬಸ್ಸು ನಿಂತಿರುವಾಗ ಕಾಕಾ ಅದರಿಂದ ಮಾರು ದೂರ ಹೋದದ್ದನ್ನು ನಾನು ಕಂಡವನಲ್ಲ. ಆ ಕಾಕಾ ಚಿಗವ್ವನ ಬಗಲಿನ ಗಂಟನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

"ಲೇ ತಮ್ಮಾ, ಬಸ್ ನೀ ನೋಡ್ಕೊ."

ಅಷ್ಟೇ. ಇಬ್ಬರೂ ನಡೆದರು.

ನಾನು ಬಾನೆಟ್ಟು ನೋಡಿದೆ, ಪಂಪು ನೋಡಿದೆ, ಎರಡೂ ಪೈಪು ಮುಟ್ಟಿ ನೋಡಿದೆ. ಎಲ್ಲ ತಣ್ಣಗಿದ್ದವು, ಆವಿ ಕಟ್ಟಿರಲಿಲ್ಲ. ಪೆಟ್ರೋಲು ತೀರಿತೋ ಏನೋ ಎಂದು ಹಿಂದೆ ಹೋಗಿ ಟಾಕಿಯ ಮುಚ್ಚಳ ತಿರುಗಿಸಿದೆ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು! ಆ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕಲ್ಲ, ಅದಕ್ಕೆ. ಎಣ್ಣೆ ಡಬ್ಬಿಗೆ ನಾವು ಎರಡು ತೂತು ಹೊಡೆಯುವುದಿಲ್ಲವೇ, ಹಾಗೆ. ಕಾಕಾನ ಭಕ್ತಿ ಒಣಗಿ ಗಟ್ಟಿಯಾಗಿ ಆ ತೂತನ್ನು ಮುಚ್ಚಿತ್ತು. ಲೋಕಕ್ಕೆಲ್ಲ ಉಸಿರು ಬಿಡುವ ದಾರಿ ಮಾಡಿಕೊಟ್ಟವನು ತನ್ನ ಕೈಯಾರೆ ಟಾಕಿಯ ಮೂಗಿಗೆ ವಿಭೂತಿ ಹಚ್ಚಿದ್ದ!

ಕಡ್ಡಿಯಿಂದ ತೂತು ಬಿಡಿಸಿ ಹ್ಯಾಂಡಲು ಹೊಡೆದೆ. ಎಂಜಿನ್ನು ಮೊದಲ ಏಟಿಗೆ ಎದ್ದಿತು. ಬಸ್ಸನ್ನು ಅವರಿಬ್ಬರ ಮಗ್ಗುಲಿಗೆ ತಂದು, ಹತ್ತಿರಿ ಅಂದೆ. ಚಿಗವ್ವ ಕಾಕಾನನ್ನು ನೋಡಿದಳು. ಕಾಕಾ ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿ, ನೀ ಹಿಂದ ಬಾ ಎಂದು ನನಗೆ ಹೇಳಿದ. ಹಾರ್ನಿಗೆ ಕೈ ಹಾಕಿದೆ. ಹಿಂದಿನಿಂದ ಕಾಖಂಡಕಿಯ ಆಯಿ ನನ್ನ ಭುಜ ಮುಟ್ಟಿದಳು. "ಬ್ಯಾಡೋ ಯಪ್ಪಾ. ನಡೀಲಿ ಬಿಡು."

ಅವರು ಮುಟ್ಟಿದಾಗ ಅಕ್ಕಿಕಾಳು ಇನ್ನೂ ತಾಟಿನಲ್ಲೇ ಇದ್ದವು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಗಸಿಯಲ್ಲಿ ನಿಂತ ಚಿಗವ್ವನ ಅವ್ವ ಮಗಳನ್ನು ನೋಡಿದಳು, ಗಂಟು ಹೊತ್ತ ಅಳಿಯನನ್ನು ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ನಾನು ಇಂದಿಗೂ ನೆನೆಯುವುದು ಅಗಸಿಯನ್ನಲ್ಲ, ಅದಕ್ಕೂ ಮುಂಚಿನ ಆ ದಾರಿಯನ್ನು. ನೆತ್ತಿಯ ಮೇಲೆ ವೈಶಾಖದ ಸೂರ್ಯ. ಮುಂದೆ ಚಿಗವ್ವ, ಅವಳ ಸರಿಸಮ ಕಾಕಾ. ಹಿಂದೆ ಮೊದಲ ಗೇರಿನಲ್ಲಿ, ಮನುಷ್ಯರ ನಡಿಗೆಗೆ ತಕ್ಕಂತೆ, ತುಂಬಿದ ಬಸ್ಸು. ಬಸ್ಸಿನವರನ್ನು ಯಾರನ್ನಾದರೂ ಕೇಳಿ, ಆ ಬಿಸಿಲಲ್ಲಿ ಹಾಗೆ ತೆವಳಿಸಿದರೆ ಎಂಥ ಎಂಜಿನ್ನಿಗೂ ಆವಿ ಕಟ್ಟುತ್ತದೆ. ನಮ್ಮದಕ್ಕೆ ಕಟ್ಟಲಿಲ್ಲ. ಕಾಕಾನ ವಾಪಸು ಪೈಪು ಎಲ್ಲವನ್ನೂ ಹಿಂದಕ್ಕೆ ಹೊತ್ತು ತಣ್ಣಗೆ ಮಾಡುತ್ತಿತ್ತು. ಅಗಸಿಯವರೆಗೆ ಬಸ್ಸು ಒಮ್ಮೆಯೂ ಬಿಕ್ಕಲಿಲ್ಲ.

ಎಂಜಿನ್ನಿನ ಸಪ್ಪಳದಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಊಟ ಬಿಟ್ಟು ಎದ್ದು ಓಡುವವನು ನಮ್ಮ ಕಾಕಾ. ಆ ದಾರಿಯುದ್ದಕ್ಕೂ ಅವನು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.